ಮುಟ್ಟದೆ ಬಿಟ್ಟ ಕಾಡು ಕಲಿಸುವ ಪಾಠ



ಹೊಸ ಗೊಬ್ಬರವನ್ನೋ ಔಷಧಿಯನ್ನೋ ತೋಟಕ್ಕೆ ತಂದಾಗ ನಾವು ಮೊದಲು ಮಾಡುವ ಕೆಲಸವೇನು? ಎಲ್ಲ ಗಿಡಗಳಿಗೂ ಹಾಕುವುದಿಲ್ಲ. ಎರಡು ಸಾಲನ್ನು ಹಾಗೆಯೇ ಬಿಟ್ಟು, ಉಳಿದ ಸಾಲುಗಳಿಗೆ ಹಾಕಿ ನೋಡುತ್ತೇವೆ. ಬಿಟ್ಟ ಸಾಲು ಇಲ್ಲದಿದ್ದರೆ ಬಂದ ಫಸಲು ಗೊಬ್ಬರದ ಗುಣವೋ, ಆ ವರ್ಷದ ಹೂಮಳೆಯ ಗುಣವೋ ಹೇಳಲು ಬರುವುದಿಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಆಗಲಿ, ವಿಟ್ಲದ ಅಡಕೆ ಸಂಶೋಧನಾ ಕೇಂದ್ರದಲ್ಲಿ ಆಗಲಿ, ಪ್ರಯೋಗದ ತಾಕಿನ ಪಕ್ಕದಲ್ಲಿ ಹೋಲಿಕೆಯ ತಾಕು ಇದ್ದೇ ಇರುತ್ತದೆ.

ಒಂದು ತೋಟಕ್ಕೆ ಹೋಲಿಕೆಯ ತಾಕು ಹೇಗೋ ಇಡೀ ಮಲೆನಾಡಿಗೆ ಮುಟ್ಟದೆ ಬಿಟ್ಟ ಕಾಡು ಹಾಗೆ. ಆದರೆ ಬಿಟ್ಟರಷ್ಟೇ ಸಾಲದು. ಅದನ್ನು ವರ್ಷ ವರ್ಷವೂ ಅಳೆದು ಲೆಕ್ಕವಿಡಬೇಕು. ಈ ಕೆಲಸಕ್ಕಾಗಿ ವಿಶ್ವವಿದ್ಯಾನಿಲಯಗಳು ಇಟ್ಟುಕೊಂಡಿರುವ ಅಧ್ಯಯನ ವನಗಳ ವಿಚಾರವನ್ನು ಈ ಸಲದ ಪಾಠಕ್ಕೆ ಆರಿಸಿಕೊಂಡಿದ್ದೇವೆ. ಮುದುಮಲೆ, ಉತ್ತರ ಕನ್ನಡ, ಕೊಡಗು ಮತ್ತು ದೂರದ ಕೋಸ್ಟರಿಕಾ ದೇಶದ ಉದಾಹರಣೆಗಳನ್ನು ಮೊದಲು ನೋಡೋಣ. ಆಮೇಲೆ ಘಟ್ಟ ಇಳಿದು ಬಯಲುಸೀಮೆಯ ಯಾದಗಿರಿ, ಶಹಾಪುರ, ಸುರಪುರಗಳ ಕಡೆಗೂ ಹೋಗೋಣ. ಕಡೆಯಲ್ಲಿ ನಮ್ಮ ನಮ್ಮ ಜಮೀನಿನಲ್ಲಿ ನಾಲ್ಕು ಗುಂಟೆಯಷ್ಟು ಜಾಗದಲ್ಲಿ ಇದನ್ನು ಮಾಡುವ ಕ್ರಮವನ್ನು ಕೊಟ್ಟಿದ್ದೇವೆ.

ಅಧ್ಯಯನ ವನ ಎಂದರೇನು?

ಅಭಯಾರಣ್ಯವನ್ನು ಸರ್ಕಾರ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಘೋಷಿಸುತ್ತದೆ. ಅದರ ಮುಖ್ಯ ಉದ್ದೇಶ ರಕ್ಷಣೆ. ಅಧ್ಯಯನ ವನದ ಉದ್ದೇಶ ಎರಡು: ಒಂದು, ದೀರ್ಘಕಾಲದ ಸಂಶೋಧನೆ, ಇನ್ನೊಂದು, ವಿದ್ಯಾರ್ಥಿಗಳಿಗೆ ಕಾಡಿನಲ್ಲೇ ಪಾಠ. ಅಲ್ಲಿ ಮರಕ್ಕೆ ಸಂಖ್ಯೆ ಇರುತ್ತದೆ, ಮಳೆ ಅಳೆಯುವ ಮಾಪಕ ಇರುತ್ತದೆ, ಹಳೆಯ ಲೆಕ್ಕದ ಪುಸ್ತಕಗಳಿರುತ್ತವೆ. ಜಾಗ ವಿಶ್ವವಿದ್ಯಾನಿಲಯದ್ದೇ ಆಗಿರಬಹುದು, ಅರಣ್ಯ ಇಲಾಖೆಯ ಕಾಡಿನೊಳಗೆ ಅನುಮತಿ ಪಡೆದು ಗುರುತಿಸಿದ ತಾಕೂ ಆಗಿರಬಹುದು.

ಇದಕ್ಕೆ ವಿಶ್ವವಿದ್ಯಾನಿಲಯವೇ ಏಕೆ ಬೇಕು ಎಂದು ಕೇಳಬಹುದು. ಕಾಡಿನ ಗಡಿಯಾರ ನಿಧಾನ. ಒಂದು ಮತ್ತಿ ಮರ ದಿಮ್ಮಿಯಾಗುವಷ್ಟರಲ್ಲಿ ನಮ್ಮ ಎರಡು ತಲೆಮಾರು ಕಳೆಯುತ್ತದೆ. ಅಳೆಯುವ ಕೈ ಬದಲಾದರೂ ಅಳೆಯುವ ಕ್ರಮ ಬದಲಾಗಬಾರದು. ಒಬ್ಬ ಪ್ರಾಧ್ಯಾಪಕರು ನಿವೃತ್ತರಾದರೆ ಇನ್ನೊಬ್ಬರು, ಒಂದು ತಂಡದ ವಿದ್ಯಾರ್ಥಿಗಳು ಹೋದರೆ ಮುಂದಿನ ತಂಡ, ಹೀಗೆ ಲೆಕ್ಕ ಮುಂದುವರಿಯುವುದು ಸಂಸ್ಥೆಯಿಂದ ಮಾತ್ರ ಸಾಧ್ಯ. ನಮ್ಮ ಸಹಕಾರ ಸಂಘದ ಖಾತೆ ಪುಸ್ತಕಗಳು ಕಾರ್ಯದರ್ಶಿಗಳು ಬದಲಾದರೂ ಹೇಗೆ ಮುಂದುವರಿಯುತ್ತವೆಯೋ ಹಾಗೆ.

ಮುದುಮಲೆಯ 50 ಹೆಕ್ಟೇರ್

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ವಿಶ್ವವಿದ್ಯಾನಿಲಯದ ಮಾನ್ಯತೆ ಪಡೆದ ಸಂಸ್ಥೆ. 1983ರಲ್ಲಿ ಪ್ರೊ. ಮಾಧವ ಗಾಡ್ಗೀಳರ ನೇತೃತ್ವದಲ್ಲಿ ಅಲ್ಲಿ ಪರಿಸರ ವಿಜ್ಞಾನ ಕೇಂದ್ರ ಆರಂಭವಾಯಿತು. ಅದೇ ದಶಕದಲ್ಲಿ ಸಂಸ್ಥೆಯ ಆವರಣದಲ್ಲಿಯೇ ಪಶ್ಚಿಮಘಟ್ಟದ ಮರಗಳ ಸಣ್ಣ ಕಾಡೊಂದನ್ನು ಬೆಳೆಸಿದರು.

ಈ ಕೇಂದ್ರದ ಪ್ರೊ. ಆರ್. ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ, ನಮ್ಮ ಬಂಡೀಪುರಕ್ಕೆ ಅಂಟಿಕೊಂಡಿರುವ ತಮಿಳುನಾಡಿನ ಮುದುಮಲೆ ಕಾಡಿನಲ್ಲಿ 50 ಹೆಕ್ಟೇರಿನ ತಾಕನ್ನು ಗುರುತಿಸಿದರು. ಅಂದರೆ ಸುಮಾರು 123 ಎಕರೆ. ಉದ್ದ 1000 ಮೀಟರ್, ಅಗಲ 500 ಮೀಟರ್. ಅದನ್ನು 20 ಮೀಟರ್ ಉದ್ದಗಲದ 1250 ಚೌಕಗಳಾಗಿ ವಿಂಗಡಿಸಿದರು. ಎದೆಮಟ್ಟದಲ್ಲಿ ಒಂದು ಸೆಂಟಿಮೀಟರ್ ವ್ಯಾಸ ಮುಟ್ಟಿದ ಪ್ರತಿಯೊಂದು ಗಿಡಕ್ಕೂ ಸಂಖ್ಯೆಯ ಬಿಲ್ಲೆ ಕಟ್ಟಿ, ಜಾತಿ ಗುರುತಿಸಿ, ದಪ್ಪ ಅಳೆದು, ನಕ್ಷೆಯಲ್ಲಿ ಅದರ ಸ್ಥಾನ ಬರೆದುಕೊಂಡರು. ಸುಮಾರು 26,000 ಗಿಡಮರಗಳು, 70ರಷ್ಟು ಜಾತಿಗಳು. ನಂದಿ, ಮತ್ತಿ, ದಿಂಡಿಗ, ತೇಗ, ಕಕ್ಕೆ, ಎಲ್ಲ ನಮಗೆ ಪರಿಚಿತ ಮರಗಳೇ. ಪ್ರತಿ ವರ್ಷ ಸತ್ತ ಗಿಡವೆಷ್ಟು, ಹೊಸದಾಗಿ ಲೆಕ್ಕಕ್ಕೆ ಬಂದ ಗಿಡವೆಷ್ಟು ಎಂದು ಎಣಿಸುವುದು. ನಾಲ್ಕು ವರ್ಷಕ್ಕೊಮ್ಮೆ ಎಲ್ಲವನ್ನೂ ಮತ್ತೆ ಅಳೆಯುವುದು. ಇದು ಅಲ್ಲಿನ ಕ್ರಮ.

ಇಂಥ ದೊಡ್ಡ ತಾಕಿನ ಪದ್ಧತಿ ಮೊದಲು ಬಂದುದು ಪನಾಮಾ ದೇಶದ ಬಾರೊ ಕೊಲೊರಾಡೊ ಎಂಬ ದ್ವೀಪದಿಂದ. ಪನಾಮಾ ಕಾಲುವೆಗಾಗಿ ನದಿಗೆ ಕಟ್ಟೆ ಹಾಕಿದಾಗ ಮುಳುಗದೆ ಉಳಿದ ಗುಡ್ಡದ ತಲೆಯೇ ಈ ದ್ವೀಪ. 1923ರಿಂದ ಅದು ಅಧ್ಯಯನಕ್ಕಾಗಿ ಮೀಸಲು. 1980ರ ದಶಕದ ಆರಂಭದಲ್ಲಿ ಸ್ಟೀಫನ್ ಹಬ್ಬೆಲ್ ಮತ್ತು ರಾಬಿನ್ ಫಾಸ್ಟರ್ ಎಂಬ ವಿಜ್ಞಾನಿಗಳು ಅಲ್ಲಿ 50 ಹೆಕ್ಟೇರ್ ಅಳೆದರು. ಇಂದು ಅದೇ ಕ್ರಮದ ತಾಕುಗಳು ಹಲವಾರು ದೇಶಗಳಲ್ಲಿವೆ. ಎಲ್ಲರೂ ಒಂದೇ ಅಳತೆ ಬಳಸುವುದರಿಂದ ಒಂದು ದೇಶದ ಕಾಡನ್ನು ಇನ್ನೊಂದರೊಡನೆ ಹೋಲಿಸಬಹುದು.

ಇಷ್ಟೆಲ್ಲ ಎಣಿಸಿ ಏನು ತಿಳಿಯಿತು? ಒಂದೇ ಉದಾಹರಣೆ ಸಾಕು. ತಾಕು ಗುರುತಿಸಿದಾಗ ಬೆಂಡೆಮರ ಅಲ್ಲಿ ಸಾವಿರಗಟ್ಟಲೆ ಇತ್ತು. ಆನೆಗಳು ಅದರ ತೊಗಟೆ ಸುಲಿದು, ಕೊಂಬೆ ಮುರಿದು, ಗಿಡ ಕೆಡವಿ ತಿಂದವು. ಕೆಲವೇ ವರ್ಷಗಳಲ್ಲಿ ಆ ಜಾತಿ ಬಹಳವಾಗಿ ಇಳಿದುಹೋಯಿತು. ಬೆಂಕಿ ಬಿದ್ದ ವರ್ಷಗಳಲ್ಲಿ ಸಣ್ಣ ಗಿಡಗಳ ಸಾವು ಏರಿತು, ದೊಡ್ಡ ಮರಗಳು ಹೆಚ್ಚಾಗಿ ತಡೆದುಕೊಂಡವು. ಕಾಡಿನ ಅಂಚಿನಲ್ಲಿ ನಿಂತು ನೋಡುವವನಿಗೆ ಅದೇ ಹಸಿರು, ಅದೇ ಮರ. ಒಳಗೆ ಒಂದು ಜಾತಿ ಖಾಲಿಯಾಗುತ್ತಿದೆ ಎಂಬುದು ಎಣಿಸಿದವರಿಗೆ ಮಾತ್ರ ಗೊತ್ತಾಯಿತು. ಆನೆ ತೋಟಕ್ಕೆ ಏಕೆ ಬರುತ್ತದೆ ಎಂದು ಪ್ರತಿ ಸಭೆಯಲ್ಲಿಯೂ ಕೇಳುವ ನಮಗೆ, ಕಾಡಿನೊಳಗೆ ಅದರ ಮೇವು ಏನಾಗುತ್ತಿದೆ ಎಂಬ ಲೆಕ್ಕ ಬೇಡವೆ?

ಉತ್ತರ ಕನ್ನಡದ ತಾಕುಗಳು ಮತ್ತು ಸೊಪ್ಪಿನ ಬೆಟ್ಟ

ಇದೇ ಪರಿಸರ ವಿಜ್ಞಾನ ಕೇಂದ್ರದವರು ಉತ್ತರ ಕನ್ನಡ ಜಿಲ್ಲೆಯಲ್ಲಿ 1984ರಲ್ಲಿ ತಲಾ ಒಂದು ಹೆಕ್ಟೇರಿನ ಎಂಟು ತಾಕುಗಳನ್ನು ಗುರುತಿಸಿ, ಮರಗಳ ಹುಟ್ಟು, ಸಾವು, ಬೆಳವಣಿಗೆಗಳನ್ನು ವರ್ಷಗಟ್ಟಲೆ ದಾಖಲಿಸಿದರು. ಕೆಲವು ನಿತ್ಯಹರಿದ್ವರ್ಣದವು, ಕೆಲವು ಎಲೆಯುದುರುವ ಕಾಡಿನವು. ಅಡಕೆ ಬೆಳೆಗಾರರಿಗೆ ಇದು ಬಹಳ ಹತ್ತಿರದ ವಿಷಯ.

ಬ್ರಿಟಿಷರ ಕಾಲದಿಂದ ಬಂದ ಸವಲತ್ತಿನಂತೆ ಆ ಜಿಲ್ಲೆಯ ಘಟ್ಟದ ಮೇಲಿನ ಭಾಗದಲ್ಲಿ ಅಡಕೆ ತೋಟದ ಒಂದು ಎಕರೆಗೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟವುಂಟು. ಹಸಿ ಸೊಪ್ಪು, ದರಗು, ಕರಡ, ಕೊಟ್ಟಿಗೆಗೆ ಹಾಸು, ಎಲ್ಲವೂ ಅಲ್ಲಿಂದಲೇ. ತೋಟದ ಮಣ್ಣು ತಲೆಮಾರುಗಳಿಂದ ಕಪ್ಪಗೆ ಉಳಿದಿದ್ದರೆ ಅದು ಬೆಟ್ಟದ ಋಣ. ಮಲೆನಾಡಿನ ಬೇರೆ ಕಡೆಗಳಲ್ಲಿ ಕಾನು, ಹಾಡಿ, ಬಾಣೆ, ಕುಮ್ಕಿ ಎಂದು ಹೆಸರು ಮತ್ತು ಹಕ್ಕು ಬೇರೆ ಬೇರೆ. ಉಪಯೋಗ ಮಾತ್ರ ಹೆಚ್ಚು ಕಡಿಮೆ ಒಂದೇ.

ಬೆಟ್ಟ ಚೆನ್ನಾಗಿದೆಯೇ ಎಂದು ಕೇಳಿದರೆ ನಾವು ದೊಡ್ಡ ಮರಗಳನ್ನು ನೋಡಿ ಉತ್ತರ ಹೇಳುತ್ತೇವೆ. ಅದು ಅರ್ಧ ಉತ್ತರ. ಉದಾಹರಣೆಗೆ ನಾಲ್ಕು ಗುಂಟೆ ಬೆಟ್ಟದಲ್ಲಿ 15 ದೊಡ್ಡ ಮರಗಳಿವೆ ಎಂದಿಟ್ಟುಕೊಳ್ಳಿ. ಅವುಗಳ ಕೆಳಗೆ ಮೊಣಕಾಲೆತ್ತರದ ಸಸಿ 100, ಆಳೆತ್ತರದ ಗಿಡ 20, ತೊಡೆ ದಪ್ಪದ ಮರ 8 ಇದ್ದರೆ ಅದು ಬಾಳುವ ಬೆಟ್ಟ. 15 ದೊಡ್ಡ ಮರಗಳಿದ್ದು ಕೆಳಗೆ ಬರೀ ಲಂಟಾನ ಅಥವಾ ಬರೀ ನೆಲ ಇದ್ದರೆ ಅದು ಮುದುಕರಷ್ಟೇ ಉಳಿದ ಮನೆ. ಇಂದು ನೆರಳೂ ಇದೆ, ಸೊಪ್ಪೂ ಇದೆ. ಆ 15 ಮರ ಹೋದ ದಿನ ಏನೂ ಇಲ್ಲ. ದನದ ಬಾಯಿ, ಬೆಂಕಿ, ಮಿತಿ ಮೀರಿದ ಸೊಪ್ಪು ಸವರುವಿಕೆ, ಇವು ಮೊದಲು ಹೊಡೆಯುವುದು ಸಸಿಗಳನ್ನೇ. ಎಷ್ಟು ಸಸಿ ಇದ್ದರೆ ಸಾಕು ಎಂಬುದಕ್ಕೆ ಅಳತೆಗೋಲು ಬೇಕಲ್ಲವೆ? ಮುಟ್ಟದೆ ಬಿಟ್ಟು ಎಣಿಸಿದ ತಾಕೇ ಆ ಅಳತೆಗೋಲು.

ಕಾಫಿ ತೋಟಗಳ ನಡುವಿನ ಲಾಸ್ ಕ್ರೂಸಸ್

ಮಧ್ಯ ಅಮೆರಿಕದ ಕೋಸ್ಟರಿಕಾ ನಮ್ಮಂತೆಯೇ ಕಾಫಿ ಬೆಳೆಯುವ ದೇಶ. 1963ರಲ್ಲಿ ಅಮೆರಿಕದ ಕೆಲವು ವಿಶ್ವವಿದ್ಯಾನಿಲಯಗಳು ಕೋಸ್ಟರಿಕಾ ವಿಶ್ವವಿದ್ಯಾನಿಲಯದೊಡನೆ ಸೇರಿ ಉಷ್ಣವಲಯ ಅಧ್ಯಯನ ಸಂಘಟನೆಯೊಂದನ್ನು ಕಟ್ಟಿದವು. ಒಂದು ರೀತಿಯಲ್ಲಿ ಅದೂ ಸಹಕಾರ ಸಂಘವೇ: ಒಬ್ಬರಿಂದ ಆಗದ ಕೆಲಸವನ್ನು ಹಲವರು ಕೂಡಿ ಮಾಡುವುದು. ಈ ಸಂಘಟನೆ 1973ರಿಂದ ನಡೆಸುತ್ತಿರುವ ಲಾಸ್ ಕ್ರೂಸಸ್ ಎಂಬ ಕೇಂದ್ರದಲ್ಲಿ ಸಸ್ಯೋದ್ಯಾನವೂ ಮೀಸಲು ಕಾಡೂ ಇವೆ. ಸುತ್ತಲೂ ಕಾಫಿ ತೋಟ ಮತ್ತು ಹುಲ್ಲುಗಾವಲು.

ಆ ಸೀಮೆಯ ಕಾಫಿ ತೋಟಗಳಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಕೆಲವು ಕಾಫಿ ಗಿಡಗಳಿಗೆ ಹಕ್ಕಿ ಬಾರದಂತೆ ಬಲೆ ಹೊದಿಸಿದರು, ಪಕ್ಕದ ಗಿಡಗಳನ್ನು ಹಾಗೆಯೇ ಬಿಟ್ಟರು. ಹಕ್ಕಿಗಳಿಗೆ ತೆರೆದಿದ್ದ ಗಿಡಗಳಲ್ಲಿ ಕಾಯಿಕೊರಕದ, ಅಂದರೆ ನಾವು ಬೆರಿ ಬೋರರ್ ಎನ್ನುವ ಕೀಟದ ಬಾಧೆ ಸುಮಾರು ಅರ್ಧಕ್ಕೆ ಇಳಿದಿತ್ತು. ತೋಟದ ನಡುವೆ ಮರಗಳ ಸಣ್ಣ ತುಂಡುಗಳಿದ್ದ ಕಡೆ ಬೋರರ್ ತಿನ್ನುವ ಹಕ್ಕಿಗಳೂ ಹೆಚ್ಚಿದ್ದವು. ನಮ್ಮ ದೇಶಕ್ಕೆ ಈ ಕೀಟ 1990ರಲ್ಲಿ ಗೂಡಲೂರಿನಲ್ಲಿ ಕಾಣಿಸಿಕೊಂಡು ಆಮೇಲೆ ಕೊಡಗಿಗೆ ಬಂದುದನ್ನು ಹಿರಿಯ ಬೆಳೆಗಾರರು ಮರೆತಿಲ್ಲ. ಅಂದಿನಿಂದ ಬಿದ್ದ ಹಣ್ಣು ಆಯುವುದು, ಗಿಡದಲ್ಲಿ ಉಳಿದ ಕಾಯಿ ಕೀಳುವುದು ನಮ್ಮ ತಪ್ಪದ ಕೆಲಸವಾಗಿದೆ. ಹಕ್ಕಿ ಆ ಕೆಲಸಕ್ಕೆ ಬದಲಿಯಲ್ಲ; ಸಂಬಳ ಕೇಳದ ಜೊತೆಗಾರ.

ಅದೇ ದೇಶದ ಇನ್ನೊಂದು ಕಣಿವೆಯ ದೊಡ್ಡ ತೋಟದಲ್ಲಿ ನಡೆದ ಅಧ್ಯಯನ 2004ರಲ್ಲಿ ಹೊರಬಂತು. ಕಾಡಿನ ತುಂಡಿಗೆ ಒಂದು ಕಿಲೋಮೀಟರಿನೊಳಗೆ ಇದ್ದ ಗಿಡಗಳಲ್ಲಿ ಇಳುವರಿ ಶೇಕಡ 20ರಷ್ಟು ಹೆಚ್ಚು, ಪೀಬೆರಿ ಶೇಕಡ 27ರಷ್ಟು ಕಡಿಮೆ. ಕಾರಣ ಕಾಡಿನಿಂದ ಬರುವ ಜೇನುಗಳು. ಇದು ಅರೇಬಿಕಾ ಎಂಬುದನ್ನು ಗಮನಿಸಬೇಕು. ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲ ಗಿಡಕ್ಕೂ ಜೇನಿನಿಂದ ಲಾಭವಾಯಿತು. ಪೀಬೆರಿಗೆ ನಮ್ಮಲ್ಲಿ ಪ್ರತ್ಯೇಕ ದರ್ಜೆ ಮತ್ತು ಬೆಲೆ ಇದೆ, ನಿಜ. ಆದರೆ ಎರಡು ಬೇಳೆ ಆಗಬೇಕಾದ ಕಡೆ ಒಂದೇ ಬೇಳೆಯಾಗಿದೆ ಎಂಬುದೂ ಅಷ್ಟೇ ನಿಜ.

ಕೋಸ್ಟರಿಕಾದ ಅಂಕಿಗಳನ್ನು ಎತ್ತಿ ನಮ್ಮ ತೋಟಕ್ಕೆ ಹಚ್ಚುವುದು ಸರಿಯಲ್ಲ. ಅಲ್ಲಿನ ನೆರಳು ಬೇರೆ, ಹಕ್ಕಿ ಬೇರೆ, ಮಳೆ ಬೇರೆ. ಅದಕ್ಕಾಗಿಯೇ ನಮ್ಮ ನೆಲದಲ್ಲಿ ನಮ್ಮ ಲೆಕ್ಕ ಬೇಕು.

ಕೊಡಗಿನ ಅನುಭವ

ಅಂಥ ಲೆಕ್ಕ ನಮ್ಮಲ್ಲಿಯೂ ಆರಂಭವಾಗಿದೆ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಈಗ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾನಿಲಯಕ್ಕೆ ಸೇರಿದೆ. ಅಲ್ಲಿನ ಅಧ್ಯಾಪಕರು ವಿದೇಶದ ವಿಶ್ವವಿದ್ಯಾನಿಲಯಗಳೊಡನೆ ಸೇರಿ ಕೊಡಗಿನ ಮೀಸಲು ಕಾಡು, ದೇವರಕಾಡು, ಕಾಫಿ ತೋಟ ಮೂರನ್ನೂ ಹೋಲಿಸಿ ನೋಡಿದ್ದಾರೆ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಬಹಳಷ್ಟು ಕೆಲವೇ ಎಕರೆಗಳವು. ಅಷ್ಟು ಸಣ್ಣ ತುಂಡುಗಳಲ್ಲಿಯೂ ಅಳಿವಿನಂಚಿನ ಕೆಲವು ಮರಗಳು ಮೀಸಲು ಕಾಡಿಗಿಂತ ಹೆಚ್ಚಾಗಿ ಉಳಿದಿದ್ದವು. ಕೊಡಲಿ ಹಾಕಬಾರದೆಂಬ ಹಿರಿಯರ ಕಟ್ಟಳೆ ವಿಜ್ಞಾನದ ಹೆಸರಿಲ್ಲದೆಯೇ ಹೋಲಿಕೆಯ ತಾಕುಗಳನ್ನು ಉಳಿಸಿಕೊಟ್ಟಿದೆ.

ಕೊಡಗಿನ ರೊಬಸ್ಟಾ ತೋಟಗಳಲ್ಲಿ ಜೇನಿನ ಬಗ್ಗೆ ನಡೆದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು. ಹೂವಿಗೆ ಬಂದವುಗಳಲ್ಲಿ ಮುಖ್ಯವಾದುದು ಹೆಜ್ಜೇನು. ಜೊತೆಗೆ ತುಡುವೆ ಮತ್ತು ಮಿಸರಿ ಅಥವಾ ಮುಜಂಟಿ. ತುಂತುರು ನೀರಾವರಿಯಿಂದ ಸುತ್ತಲಿನ ತೋಟಗಳಿಗಿಂತ ಬೇರೆ ದಿನ ಹೂವಾದ ತೋಟಕ್ಕೆ ಹೆಜ್ಜೇನು ಹೆಚ್ಚಾಗಿ ಬಂದವು. ಎಲ್ಲ ತೋಟಗಳೂ ಒಂದೇ ದಿನ ಬಿಳಿಯಾದರೆ ಇರುವ ಜೇನು ಹಂಚಿಹೋಗುತ್ತದೆ. ನೀರು ಹಾಯಿಸುವ ದಿನವನ್ನು ನೆರೆಹೊರೆಯವರು ಮಾತನಾಡಿಕೊಂಡು ನಿಗದಿ ಮಾಡಿದರೆ ಖರ್ಚಿಲ್ಲದೆ ಲಾಭವುಂಟು. ಹೆಜ್ಜೇನು ಗೂಡು ಕಟ್ಟುವುದು ಎತ್ತರದ ದೊಡ್ಡ ಮರಗಳಿಗೆ. ಗೋಣಿ, ಬಸರಿ, ಅತ್ತಿ ಕಡಿದು ಉದ್ದಕ್ಕೂ ಸಿಲ್ವರ್ ಓಕ್ ನೆಟ್ಟ ತೋಟದಲ್ಲಿ ಮೆಣಸಿನ ಬಳ್ಳಿಗೆ ಆಸರೆ ಸಿಕ್ಕೀತು, ಮರದ ಹಣವೂ ಬಂದೀತು. ಜೇನಿನ ಮನೆ ಹೋಯಿತೆಂಬುದು ಆ ಜಮಾಖರ್ಚಿನಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಬಯಲುಸೀಮೆಗೂ ಇದೇ ಪಾಠ

ಕೊಯ್ಲಿನ ಕಾಲಕ್ಕೆ ನಮ್ಮ ಮಲೆನಾಡಿನ ತೋಟಗಳಿಗೆ ಉತ್ತರ ಕರ್ನಾಟಕದ ಕೆಲಸಗಾರರು ಬರುತ್ತಾರೆ. ಅವರ ಸೀಮೆಗೂ ನಮ್ಮ ಘಟ್ಟಕ್ಕೂ ಕೆಲಸದ ಸಂಬಂಧವಷ್ಟೇ ಅಲ್ಲ, ನೀರಿನ ಸಂಬಂಧವೂ ಇದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಾಡಿನಲ್ಲಿ ಹುಟ್ಟುವ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅಲ್ಲಿಂದ ಕೆಳಗೆ ನಾರಾಯಣಪುರದ ಬಸವಸಾಗರ ಜಲಾಶಯ. ಅದರ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಹೊಲಗಳಿಗೆ ನೀರು ಕೊಡುತ್ತದೆ. ಜೋಳ, ತೊಗರಿಯ ಒಣಭೂಮಿಯಲ್ಲಿ ಇಂದು ಭತ್ತದ ಗದ್ದೆಗಳನ್ನು ಕಾಣಬಹುದು. ಘಟ್ಟದ ಕಾಡು ಹೇಗಿದೆ ಎಂಬ ಲೆಕ್ಕ ಕಾಲುವೆಯ ಕೊನೆಯ ರೈತನಿಗೂ ಸೇರಿದ್ದು.

ಅಧ್ಯಯನ ವನ ಎಂದರೆ ದಟ್ಟ ಕಾಡೇ ಆಗಬೇಕಾಗಿಲ್ಲ ಎಂಬುದಕ್ಕೂ ಆ ಸೀಮೆ ಒಳ್ಳೆಯ ನಿದರ್ಶನ. 2009ರ ಕೊನೆಯಲ್ಲಿ ಕಲಬುರಗಿಯಿಂದ ಬೇರ್ಪಟ್ಟು ಜಿಲ್ಲೆಯಾದ ಯಾದಗಿರಿಯಲ್ಲಿ ನಮ್ಮ ಕಣ್ಣಿಗೆ ಕಾಡೆನ್ನಿಸುವುದು ಕಡಿಮೆ. ಆದರೆ ಸುರಪುರ ತಾಲ್ಲೂಕಿನಲ್ಲಿ ಬೋನಾಳ ಕೆರೆಯಿದೆ. ಸುರಪುರದ ನಾಯಕ ಅರಸರ ಕಾಲದ ಈ ಕೆರೆ ಇಂದು ಪಕ್ಷಿಧಾಮವೆಂದು ಹೆಸರಾಗಿದೆ. 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡಿದ್ದ ಫಿಲಿಪ್ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಬೋನಾಳವನ್ನು ಪ್ರಸ್ತಾಪಿಸಿದ್ದಾನೆ. ಕೊಕ್ಕರೆ, ಬಕ, ಕೆಂಬರಲುಗಳೊಡನೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳೂ ಅಲ್ಲಿಗೆ ಇಳಿಯುತ್ತವೆ. ನೀರಿಗಾಗಿ ಮನುಷ್ಯ ಕಟ್ಟಿದ ಕೆರೆ ಶತಮಾನಗಳಲ್ಲಿ ಹಕ್ಕಿಗಳ ನೆಲೆಯಾಯಿತು.

ಶಹಾಪುರದ ಬಳಿಯ ಭೀಮರಾಯನಗುಡಿಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾನಿಲಯದ ಕೃಷಿ ಮಹಾವಿದ್ಯಾಲಯವಿದೆ. ಸುರಪುರದ ಬಳಿ ಕವಡಿಮಟ್ಟಿಯಲ್ಲಿ ಅದೇ ವಿಶ್ವವಿದ್ಯಾನಿಲಯದ ಕೃಷಿ ವಿಜ್ಞಾನ ಕೇಂದ್ರವಿದೆ. ಅಧ್ಯಾಪಕರು ಇದ್ದಾರೆ, ವಿದ್ಯಾರ್ಥಿಗಳು ಇದ್ದಾರೆ, ಕೆರೆ ಇದೆ. ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬಂಡೆಬೆಟ್ಟವಿದೆ, ಯಾದಗಿರಿಯಲ್ಲಿ ಕೋಟೆಯ ಗುಡ್ಡವಿದೆ. ಕೆರೆಯ ನೀರಿನ ಮಟ್ಟ, ಹೆಬ್ಬಾತು ಬಂದ ದಿನ, ಹೋದ ದಿನ, ಬಂಡೆಗಳ ನಡುವೆ ಉಳಿದ ಕುರುಚಲು ಗಿಡದ ಜಾತಿ, ಕಾಲುವೆ ನೀರು ಹರಿದ ಹೊಲ ಮತ್ತು ಒಣ ಹೊಲಗಳ ಕೀಟಗಳು, ಇವುಗಳ ಮೂವತ್ತು ವರ್ಷದ ಲೆಕ್ಕ ಒಂದೇ ಕಡೆ ಇದ್ದರೆ ಹತ್ತಿ, ತೊಗರಿ, ಭತ್ತದ ರೈತರಿಗೆ ಅದರ ಬೆಲೆ ಎಷ್ಟು! ಅಂಥ ಅಧ್ಯಯನ ತಾಣಕ್ಕೆ ಬೇಕಾದುದೆಲ್ಲ ಒಂದೇ ಜಿಲ್ಲೆಯೊಳಗೆ ಇದೆ. ಬೇಕಾದುದು ಬಿಡದೆ ಬರೆದಿಡುವ ಸಂಕಲ್ಪ.

ನಮ್ಮ ಜಮೀನು ಹೋದೀತೆ?

ಈ ಮಾತನ್ನು ಎತ್ತಿದೊಡನೆ ಬೆಳೆಗಾರರಲ್ಲಿ ಏಳುವ ಅಂಜಿಕೆ ನಮಗೆ ಗೊತ್ತು. ಅಂಜಿಕೆಗೆ ಕಾರಣವೂ ಇದೆ. ಪ್ರೊ. ಗಾಡ್ಗೀಳರ ಅಧ್ಯಕ್ಷತೆಯ ಪಶ್ಚಿಮಘಟ್ಟ ಸಮಿತಿ 2011ರಲ್ಲಿ ವರದಿ ಕೊಟ್ಟಿತು. 2013ರಲ್ಲಿ ಕಸ್ತೂರಿರಂಗನ್ ವರದಿ ಬಂತು. 2024ರ ಜುಲೈ 31ರ ಕೇಂದ್ರ ಸರ್ಕಾರದ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ತೋರಿಸಲಾಯಿತು. ಅದೇ ವರ್ಷ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಲು ತೀರ್ಮಾನಿಸಿತು. ಆ ವಾದವಿವಾದ ಅದರ ಜಾಗದಲ್ಲಿ ನಡೆಯಲಿ. ಅದನ್ನೂ ಅಧ್ಯಯನ ತಾಕನ್ನೂ ಒಂದೇ ಗಂಟಿಗೆ ಕಟ್ಟಬಾರದು.

ಬೆಳೆಗಾರನೇ ತನ್ನ ಹಿಡುವಳಿಯ ಮೂಲೆಯೊಂದನ್ನು ಬಿಟ್ಟು, ಮರ ಎಣಿಸಲು ಕಾಲೇಜಿನ ಹುಡುಗರನ್ನು ಕರೆದರೆ ಪಹಣಿಯಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಆದರೂ ವ್ಯವಹಾರ ಬರವಣಿಗೆಯಲ್ಲಿರುವುದು ಒಳ್ಳೆಯದು. ಜಾಗ ಯಾರದು, ಉದ್ದೇಶವೇನು, ಎಷ್ಟು ವರ್ಷ, ಅಳತೆಯ ಪ್ರತಿ ಬೆಳೆಗಾರನಿಗೆ ಯಾವಾಗ ಕೊಡಬೇಕು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಎರಡು ಕಡೆಯವರೂ ರುಜು ಹಾಕಲಿ. ಸೊಪ್ಪಿನ ಬೆಟ್ಟದಂಥ ಸವಲತ್ತಿನ ಜಾಗದಲ್ಲಿ ಬಿಲ್ಲೆ ಕಟ್ಟುವ ಮುನ್ನ ವಲಯ ಅರಣ್ಯಾಧಿಕಾರಿಗಳಿಗೆ ತಿಳಿಸುವುದು ಕ್ರಮ.

ಇನ್ನೊಂದು ಮಾತನ್ನು ಯೋಚಿಸಿ. ನಮ್ಮ ನೆರಳಿನ ತೋಟ ಕಾಡಿನ ಬಹುಪಾಲು ಗುಣ ಉಳಿಸಿಕೊಂಡಿದೆ ಎಂದು ನಾವು ಸಭೆಗಳಲ್ಲಿ ಹೇಳುತ್ತೇವೆ. ಕೇಳುವವರು ಲೆಕ್ಕ ಕೊಡಿ ಎಂದರೆ ಏನು ಕೊಡುವುದು? ಇಪ್ಪತ್ತು ವರ್ಷದ ಅಳತೆ ಕೈಯಲ್ಲಿರುವ ಬೆಳೆಗಾರನ ಮಾತನ್ನು ಯಾರೂ ಸುಲಭವಾಗಿ ತಳ್ಳಿಹಾಕಲಾರರು. ಲೆಕ್ಕ ನಮ್ಮ ವಿರುದ್ಧದ ಸಾಕ್ಷಿಯಲ್ಲ. ನಮ್ಮ ಪರವಾಗಿಯೂ ಹೇಳಬಲ್ಲ ಸಾಕ್ಷಿ ಅದೊಂದೇ.

ನಾಲ್ಕು ಗುಂಟೆಯ ತಾಕು ಮಾಡುವ ಕ್ರಮ

1. ಜಾಗ: ಕಾಡಿನ ಗುಣ ಉಳಿದಿರುವ ಮೂಲೆಯೊಂದನ್ನು ಆರಿಸಿ. ಹಗ್ಗ ಹಿಡಿದು 20 ಮೀಟರ್ ಉದ್ದ, 20 ಮೀಟರ್ ಅಗಲದ ಚೌಕ ಮಾಡಿ. ಇದು 400 ಚದರ ಮೀಟರ್, ಸುಮಾರು 4 ಗುಂಟೆ. ಮುದುಮಲೆಯ ಚೌಕದ ಅಳತೆಯೂ ಇದೇ. ನಾಲ್ಕು ಮೂಲೆಗೂ ಕಲ್ಲು ನೆಡಿ. ಅದರೊಳಗೆ ಸೊಪ್ಪು, ಸೌದೆ, ದನ ಬೇಡ.

2. ಜೋಡಿ ತಾಕು: ಇಷ್ಟೇ ಅಳತೆಯ ಇನ್ನೊಂದು ಚೌಕವನ್ನು ತೋಟದ ಒಳಗೆ, ಅಥವಾ ದಿನವೂ ಸೊಪ್ಪು ತರುವ ಬೆಟ್ಟದಲ್ಲಿ ಗುರುತಿಸಿ. ಎರಡೂ ಇದ್ದರೆ ಮಾತ್ರ ಹೋಲಿಕೆ.

3. ಮರದ ಅಳತೆ: ನೆಲದಿಂದ 1.3 ಮೀಟರ್, ಅಂದರೆ ಸುಮಾರು ನಾಲ್ಕೂಕಾಲು ಅಡಿ ಎತ್ತರದಲ್ಲಿ ಟೇಪು ಸುತ್ತಿ. ಸುತ್ತಳತೆ 30 ಸೆಂಟಿಮೀಟರ್ ಮೀರಿದ ಮರಗಳಿಗೆಲ್ಲ ತಗಡಿನ ಬಿಲ್ಲೆಯಲ್ಲಿ ಸಂಖ್ಯೆ ಕೊಡಿ. ಅಳೆದ ಜಾಗದಲ್ಲಿ ಬಣ್ಣದ ಗೆರೆ ಎಳೆಯಿರಿ. ಮುಂದಿನ ಸಲವೂ ಅದೇ ಗೆರೆಯ ಮೇಲೆ ಅಳೆಯಬೇಕು. ಬುಡದಲ್ಲಿ ಬೇರಿನ ಹಲಗೆಗಳಿದ್ದರೆ ಅವುಗಳ ಮೇಲೆ ಅಳೆಯಿರಿ. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ ಬರುತ್ತದೆ.

4. ಸಸಿಗಳ ಎಣಿಕೆ: ಚೌಕದ ಒಳಗೆ ಐದು ಕಡೆ ಒಂದು ಮೀಟರ್ ಉದ್ದಗಲದ ಕೋಲಿನ ಚೌಕಟ್ಟು ಇಟ್ಟು ಮರದ ಜಾತಿಯ ಸಸಿಗಳನ್ನು ಎಣಿಸಿ. ಬೆಟ್ಟದ ಭವಿಷ್ಯ ತಿಳಿಯುವುದು ಇಲ್ಲಿ.

5. ಕಾಲ: ಕೊಯ್ಲು ಮುಗಿದು ಹೂಮಳೆ ಬೀಳುವ ಮುಂಚೆ, ಪ್ರತಿ ವರ್ಷ ಒಂದೇ ವಾರದಲ್ಲಿ. ಮಳೆಗೆ ತೊಗಟೆ ಉಬ್ಬುವುದರಿಂದ ಒಣಕಾಲದ ಅಳತೆಯೇ ನಂಬಿಕೆಯದು. ಸತ್ತ ಮರ ಯಾವುದು, ಹೊಸದಾಗಿ 30 ಸೆಂಟಿಮೀಟರ್ ಮುಟ್ಟಿದ್ದು ಯಾವುದು ಎಂದು ಬರೆಯಿರಿ.

6. ಮಳೆ ಮತ್ತು ಹೂವು: ಕಾಫಿ ಬೆಳೆಗಾರರ ಮನೆಗಳಲ್ಲಿ ಮಳೆಯನ್ನು ಇಂಚು-ಸೆಂಟಿನಲ್ಲಿ ಬರೆದಿಟ್ಟ ಅಜ್ಜನ ಕಾಲದ ಪುಸ್ತಕಗಳಿವೆ. ಅದು ದೊಡ್ಡ ಆಸ್ತಿ. ಅದರ ಪಕ್ಕದಲ್ಲಿಯೇ ಹೂಮಳೆಯ ದಿನ, ಹೂ ಬಿರಿದ ದಿನ, ಹೆಜ್ಜೇನು ಬಂದ ದಿನ, ಹಿಂಗಾರ ಒಡೆದ ಕಾಲ, ಕೊಳೆರೋಗ ಕಂಡ ದಿನ ಸೇರಿಸಿ. ಹೂವಿರುವಾಗ ಕೀಟನಾಶಕ ಬೇಡ.

7. ಲೆಕ್ಕದ ಪ್ರತಿ: ಒಂದು ಮನೆಯಲ್ಲಿ, ಒಂದು ಸಂಘದ ಕಚೇರಿಯಲ್ಲಿ, ಒಂದು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ. ಜಾತಿ ಗುರುತಿಸಲು ಕಾಲೇಜಿನವರ ನೆರವು ಬೇಕು. ಊರ ಹೆಸರು ಹೇಳಲು ನಮ್ಮ ಕೊನೆಗಾರರೂ ಹಿರಿಯ ಕೆಲಸಗಾರರೂ ಬೇಕು. ಇಬ್ಬರೂ ಒಂದೇ ಮರದ ಕೆಳಗೆ ನಿಂತರೆ ಅದೇ ಕ್ಷೇತ್ರ ಶಿಕ್ಷಣ.

ಎರಡು ಚೌಕಕ್ಕೆ ವರ್ಷಕ್ಕೆ ಇಬ್ಬರಿಗೆ ಒಂದು ದಿನದ ಕೆಲಸ. ಹಗ್ಗ, ಟೇಪು, ತಗಡು, ಬಣ್ಣ, ಒಂದು ಪುಸ್ತಕ. ಮೊದಲ ಮೂರು ವರ್ಷ ಇದರಿಂದ ಹೇಳಿಕೊಳ್ಳುವಂಥದ್ದು ಏನೂ ಸಿಗುವುದಿಲ್ಲ. ಅಲ್ಲಿಗೇ ಬಿಟ್ಟವರಿಗೆ ಎಂದೂ ಸಿಗುವುದಿಲ್ಲ. ಶಾಲೆ ಕಾಲೇಜಿಗೆ ಹೋಗುವ ಮಕ್ಕಳ ಕೈಗೆ ಟೇಪು ಕೊಡಿ. ಪೇಟೆಗೆ ಹೋಗಿ ನೆಲೆಸಿದರೂ, ತಾನು ಸಂಖ್ಯೆ ಕಟ್ಟಿದ ಮರ ಎಷ್ಟು ದಪ್ಪವಾಯಿತೆಂದು ಕೇಳಲು ಮಗ ಅಥವಾ ಮಗಳು ಮನೆಗೆ ಬರುವ ಸಂಭವವುಂಟು.

ಅಧ್ಯಯನ ಕೂಟಕ್ಕೆ ಪ್ರಶ್ನೆಗಳು

1. ನಿಮ್ಮ ಬೆಟ್ಟ, ಬಾಣೆ ಅಥವಾ ಕಾನಿನಲ್ಲಿ ದೊಡ್ಡ ಮರಗಳ ಕೆಳಗೆ ಅದೇ ಜಾತಿಯ ಸಸಿಗಳಿವೆಯೆ? ಇಲ್ಲದಿದ್ದರೆ ಕಾರಣವೇನಿರಬಹುದು?

2. ನಿಮ್ಮ ತೋಟದ ಒಂದು ಎಕರೆಯಲ್ಲಿ ನೆರಳಿನ ಮರದ ಜಾತಿಗಳೆಷ್ಟು? ಅವುಗಳಲ್ಲಿ ತಾವಾಗಿ ಹುಟ್ಟಿದವೆಷ್ಟು, ನೆಟ್ಟವೆಷ್ಟು?

3. ಹೋದ ವರ್ಷ ಹೆಜ್ಜೇನು ಗೂಡು ಕಟ್ಟಿದ ಮರ ಯಾವುದು? ಅದು ಯಾರ ಜಮೀನಿನಲ್ಲಿದೆ?

4. ನಿಮ್ಮ ಮನೆಯಲ್ಲಿ ಮಳೆಯ ಹಳೆಯ ಪುಸ್ತಕವಿದೆಯೆ? ಯಾವ ವರ್ಷದಿಂದ? ಇದ್ದರೆ ಮುಂದಿನ ಸಭೆಗೆ ತನ್ನಿ. ಪ್ರತಿ ಮಾಡಿಸಿ ಸಂಘದಲ್ಲಿ ಇಡೋಣ.

5. ನಾಲ್ಕು ಗುಂಟೆ ಬಿಡಲು ಒಪ್ಪುವ ಸದಸ್ಯರು ಯಾರು? ಹತ್ತು ಮಂದಿಯ ಹೆಸರು ಬಂದ ಕೂಡಲೆ ಹತ್ತಿರದ ಕಾಲೇಜಿಗೆ ಸಂಘದಿಂದ ಪತ್ರ ಬರೆಯುತ್ತೇವೆ.